ಮಕ್ಕಳ ಮನೆಯಿಂದ ಊರಿಗೆ: ಅರವತ್ತು ದಾಟಿದವರ ಕಾರು ಪ್ರಯಾಣ

‘ಹೋಗುವಾಗ ಏನೂ ಗೊತ್ತಾಗಲಿಲ್ಲ, ಬರುವಾಗ ಮಾತ್ರ ಸಾಕೋ ಸಾಕಾಯಿತು.’ ಬೆಂಗಳೂರಿನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಸ್ವಂತ ಕಾರಿನಲ್ಲಿ ಹೋಗಿ ಬಂದ ಹಿರಿಯ ದಂಪತಿಗಳು ಸಾಮಾನ್ಯವಾಗಿ ಹೇಳುವ ಮಾತಿದು. ದಾರಿ ಅದೇ, ಕಾರು ಅದೇ, ಓಡಿಸಿದವರೂ ಅವರೇ. ಆದರೂ ಮನೆ ಮುಟ್ಟುವ ಹೊತ್ತಿಗೆ ಕಣ್ಣು ಉರಿಯುತ್ತಿರುತ್ತದೆ, ಸೊಂಟ ನೆಟ್ಟಗಾಗುವುದಿಲ್ಲ, ‘ಇನ್ನು ಮೇಲೆ ಕಾರಿನಲ್ಲಿ ಹೋಗುವುದೇ ಬೇಡ’ ಎನ್ನುವ ತೀರ್ಮಾನವೂ ಆಗಿಬಿಡುತ್ತದೆ.

ವಯಸ್ಸನ್ನು ದೂರುವ ಮೊದಲು ಆ ದಿನವನ್ನು ಒಮ್ಮೆ ಬಿಡಿಸಿ ನೋಡಿ. ಹೋಗುವ ದಿನ ನಿಮ್ಮದೇ ಹಾಸಿಗೆಯಲ್ಲಿ ಮಲಗಿ ಎದ್ದಿರುತ್ತೀರಿ, ಹೊರಡುವ ಹೊತ್ತೂ ನಿಮ್ಮ ಕೈಯಲ್ಲೇ ಇರುತ್ತದೆ. ಬರುವ ದಿನ ಹಾಗಲ್ಲ. ಹಿಂದಿನ ರಾತ್ರಿ ಮಾತು ಮುಗಿಯುವಾಗ ಹನ್ನೆರಡಾಗಿರುತ್ತದೆ. ಬೆಳಿಗ್ಗೆ ಮೊಮ್ಮಗು ಏಳುವ ತನಕ ಕಾಯೋಣ ಅನಿಸುತ್ತದೆ. ಅದು ಎದ್ದ ಮೇಲೆ ತಿಂಡಿ. ತಿಂಡಿಯಾದ ಮೇಲೆ ‘ಹೇಗೂ ತಡವಾಯಿತಲ್ಲ, ಊಟ ಮಾಡಿಕೊಂಡೇ ಹೊರಡಿ’ ಎಂಬ ಒತ್ತಾಯ. ಪಾಯಸದ ಊಟ ಮುಗಿಸಿ ಒಂದು ಗಂಟೆಗೆ ಕರಾವಳಿಯ ಕಡೆಗೆ ಕಾರು ಹತ್ತಿದರೆ, ದೇಹ ತೂಕಡಿಸುವ ಹೊತ್ತಿಗೆ ನೇರವಾದ ಹೆದ್ದಾರಿ, ಹಾಸನದ ಹೊತ್ತಿಗೆ ಕಣ್ಣಿಗೇ ಹೊಡೆಯುವ ಪಡುವಣ ಬಿಸಿಲು, ಮಬ್ಬುಗತ್ತಲಾಗುವಾಗ ಘಾಟಿ. ದಾರಿಯ ಅತಿ ಕಷ್ಟದ ಭಾಗ ದೇಹ ಅತಿ ದಣಿದ ಹೊತ್ತಿಗೇ ಎದುರಾಗುತ್ತದೆ. ಈ ಜೋಡಣೆಯನ್ನು ತಪ್ಪಿಸುವುದೇ ಈ ಲೇಖನದ ಮುಖ್ಯ ಸಲಹೆ. ಉಳಿದವೆಲ್ಲ ಅದಕ್ಕೆ ಪೂರಕ.

ಉದಾಹರಣೆಗೆ ಬೆಂಗಳೂರಿನಿಂದ ಪುತ್ತೂರಿನ ದಾರಿಯನ್ನು ತೆಗೆದುಕೊಳ್ಳುತ್ತೇನೆ: ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಗುಂಡ್ಯ, ಉಪ್ಪಿನಂಗಡಿ. ಒಟ್ಟು ಸುಮಾರು 320 ಕಿಲೋಮೀಟರ್. ನಿಮ್ಮ ಊರು ಕುಮಟಾ ಇರಲಿ, ತೀರ್ಥಹಳ್ಳಿ ಇರಲಿ, ಧಾರವಾಡ ಇರಲಿ, ಲೆಕ್ಕ ಹಾಕುವ ಕ್ರಮ ಒಂದೇ.

ಕಣ್ಣು ಮತ್ತು ನಿದ್ದೆ

ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲಲ್ಲೂ ಮೊದಲಿನಷ್ಟು ಅರಳುವುದಿಲ್ಲ, ಒಳಗಿನ ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಹರೆಯದವರ ಕಣ್ಣಿನ ಹಿಂಪರದೆಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗವಷ್ಟೇ ಅರವತ್ತರವರಿಗೆ ತಲುಪುತ್ತದೆ. ಎದುರಿನ ಲಾರಿಯ ಬೆಳಕು ಬಿದ್ದ ಮೇಲೆ ಮತ್ತೆ ರಸ್ತೆ ಸ್ಪಷ್ಟವಾಗಿ ಕಾಣಲು ಹೆಚ್ಚು ಹೊತ್ತು ಬೇಕು. ಕಣ್ಣಿನ ಪೊರೆ ಶುರುವಾಗಿದ್ದರೆ ಬೆಳಕಿನ ಸುತ್ತ ಬಳೆಗಳು ಕಾಣಿಸುತ್ತವೆ. ಹಗಲಿನಲ್ಲಿ ಚೆನ್ನಾಗಿ ಓಡಿಸುವವರು ಸಂಜೆ ಏಳರ ಮೇಲೆ ತಡವರಿಸುವುದು ಇದಕ್ಕೇ. ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ನಿದ್ದೆ. ಮಧ್ಯಾಹ್ನ ಸುಮಾರು ಎರಡರಿಂದ ನಾಲ್ಕರ ನಡುವೆ ದೇಹದ ಎಚ್ಚರ ತಾನಾಗಿಯೇ ತಗ್ಗುತ್ತದೆ. ಊಟ ಮಾಡದಿದ್ದರೂ ತಗ್ಗುತ್ತದೆ, ಭರ್ಜರಿ ಊಟವಾದರೆ ಇನ್ನಷ್ಟು. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಮೂರು ಸೆಕೆಂಡ್ ರೆಪ್ಪೆ ಮುಚ್ಚಿದರೆ ಸುಮಾರು 66 ಮೀಟರ್ ದಾರಿಯನ್ನು ಯಾರೂ ನೋಡಿಯೇ ಇರುವುದಿಲ್ಲ.

ಹೊತ್ತನ್ನು ಹಿಂದಿನಿಂದ ಎಣಿಸಿ

‘ಎಷ್ಟು ಗಂಟೆಗೆ ಹೊರಡೋಣ’ ಎಂದು ಶುರು ಮಾಡಬೇಡಿ. ಘಾಟಿ ಎಷ್ಟು ಗಂಟೆಯೊಳಗೆ ಇಳಿದಿರಬೇಕು ಎಂಬಲ್ಲಿಂದ ಶುರು ಮಾಡಿ.

ಕರಾವಳಿಯಲ್ಲಿ ನವೆಂಬರ್ ತಿಂಗಳಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಮಲೆಗಳ ನಡುವೆ ಅದಕ್ಕಿಂತ ಮೊದಲೇ ಬೆಳಕು ಕುಂದುತ್ತದೆ. ಹಾಗಾಗಿ ಘಾಟಿಯ ಬುಡದ ಗುಂಡ್ಯ ತಲುಪಲು ಕೊನೆಯ ಗಡುವು ಸಂಜೆ ನಾಲ್ಕು ಎಂದಿಟ್ಟುಕೊಳ್ಳಿ. ಅದಕ್ಕೆ ಸಕಲೇಶಪುರವನ್ನು ಎರಡೂವರೆಗೆ ಬಿಡಬೇಕು. ಹಾಸನದಲ್ಲಿ ಊಟ ಮುಗಿಸಿ ಒಂದೂಕಾಲಿಗೆ ಹೊರಟಿರಬೇಕು. ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 185 ಕಿಲೋಮೀಟರ್. ನಡುವೆ ನಿಲ್ಲುವುದೂ ಸೇರಿ ನಾಲ್ಕೂವರೆ ಗಂಟೆ ಬೇಕು. ಅಂದರೆ ಮನೆ ಬಿಡುವ ಕೊನೆಯ ಗಡುವು ಬೆಳಿಗ್ಗೆ ಎಂಟು.

ಎಂಟು ಕೊನೆಯ ಗಡುವು ಅಷ್ಟೇ, ಒಳ್ಳೆಯ ಹೊತ್ತಲ್ಲ. ಒಳ್ಳೆಯ ಹೊತ್ತು ಐದೂವರೆ. ನಗರದ ದಟ್ಟಣೆ ಶುರುವಾಗುವ ಮೊದಲೇ ನೆಲಮಂಗಲ ದಾಟಬಹುದು. ವೈಟ್‌ಫೀಲ್ಡ್ ಅಥವಾ ಸರ್ಜಾಪುರದ ಕಡೆಯಿಂದ ಬರುವವರಿಗೆ ಇದರಿಂದ ಒಂದು ಗಂಟೆಗೂ ಹೆಚ್ಚು ಉಳಿಯುತ್ತದೆ. ಪಶ್ಚಿಮಕ್ಕೆ ಹೋಗುವ ದಾರಿಯಾದ್ದರಿಂದ ಬೆಳಗಿನ ಬಿಸಿಲು ಬೆನ್ನ ಹಿಂದಿರುತ್ತದೆ. ಒಳಗನ್ನಡಿಯ ಕೆಳಗಿನ ಪುಟ್ಟ ಸನ್ನೆಯನ್ನು ಎಳೆದರೆ ಅದರ ಹೊಳಪೂ ತಗ್ಗುತ್ತದೆ. ನಡುಹಗಲಿಗೆ ಘಾಟಿ ಇಳಿದಾಗಿರುತ್ತದೆ, ಎರಡರ ತೂಕಡಿಕೆ ಬರುವ ಹೊತ್ತಿಗೆ ನಿಮ್ಮ ಮನೆಯ ಮಂಚವೇ ಸಿಗುತ್ತದೆ. ರಾಹುಕಾಲ ನೋಡುವ ಮನೆಗಳಿಗೆ ಇನ್ನೊಂದು ಅನುಕೂಲ: ವಾರದ ಯಾವ ದಿನವೂ ರಾಹುಕಾಲ ಬೆಳಿಗ್ಗೆ ಏಳೂವರೆಗಿಂತ ಮೊದಲು ಬರುವುದಿಲ್ಲ. ಸೋಮವಾರ, ಶನಿವಾರ ಅದು ಕಳೆಯಲೆಂದು ಕಾದು ತಡಮಾಡಿಕೊಳ್ಳುವ ಪ್ರಮೇಯವೇ ಇರುವುದಿಲ್ಲ.

ಎಂಟಾದರೂ ಹೊರಡಲಾಗದಿದ್ದರೆ? ಪ್ರಯಾಣವನ್ನು ಮರುದಿನಕ್ಕೆ ಹಾಕಿ. ಇಲ್ಲವೇ ಹಾಸನದಲ್ಲೋ ಸಕಲೇಶಪುರದಲ್ಲೋ ರಾತ್ರಿ ಉಳಿಯಿರಿ. ಹೋಟೆಲಿನ ಬಾಡಿಗೆಗೆ ಯಾಕೆ ದುಡ್ಡು ಎಂದು ಹಿಂದೆಮುಂದೆ ನೋಡುವ ಜಾಗ ಇದಲ್ಲ.

ಮಕ್ಕಳಿಗೂ ಒಂದು ಮಾತು. ಅಪ್ಪ ಅಮ್ಮ ಹೊರಡುವ ಹಿಂದಿನ ದಿನ ರಾತ್ರಿಯೂಟ ಎಂಟಕ್ಕೆ ಮುಗಿಸಿ, ಒಂಬತ್ತೂವರೆಗೆ ದೀಪ ಆರಿಸಿ. ಮೊಮ್ಮಕ್ಕಳ ಬೀಳ್ಕೊಡುಗೆ, ನಮಸ್ಕಾರ, ಫೋಟೊ ಎಲ್ಲ ಹಿಂದಿನ ಸಂಜೆಯೇ ಆಗಲಿ. ಮಗು ಬೆಳಿಗ್ಗೆ ಎದ್ದು ಅಜ್ಜಿಯನ್ನು ಕಾಣದೆ ಅತ್ತರೂ ಸಂಜೆ ವಿಡಿಯೊ ಕರೆಯಲ್ಲಿ ಸಮಾಧಾನವಾಗುತ್ತದೆ. ಪ್ರೀತಿಯಿಂದ ಎರಡು ಗಂಟೆ ಹೆಚ್ಚು ಹಿಡಿದಿಟ್ಟುಕೊಂಡರೆ ಆ ಎರಡು ಗಂಟೆಯನ್ನು ಅವರು ಕತ್ತಲಲ್ಲಿ ಓಡಿಸಬೇಕಾಗುತ್ತದೆ.

ಹಿಂದಿನ ಸಂಜೆಯ ಕೆಲಸ

1. ಕಾರನ್ನು ಒಮ್ಮೆ ಸ್ಟಾರ್ಟ್ ಮಾಡಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಹತ್ತು ಹದಿನೈದು ದಿನ ನಿಂತ ಕಾರಿನ ಬ್ಯಾಟರಿ ಇಳಿದಿರಬಹುದು, ಇಲಿ ವೈರ್ ಕಡಿದಿರಬಹುದು. ಇದು ಬೆಳಿಗ್ಗೆ ಐದಕ್ಕೆ ಗೊತ್ತಾದರೆ ಇಡೀ ಲೆಕ್ಕ ತಪ್ಪಿತು.

2. ಸೀಟು, ಕನ್ನಡಿ ಸರಿಮಾಡಿಕೊಳ್ಳಿ. ನಗರದಲ್ಲಿದ್ದಷ್ಟು ದಿನ ಮಗನೋ ಅಳಿಯನೋ ಓಡಿಸಿದ್ದರೆ ಎಲ್ಲವೂ ಅವರ ಎತ್ತರಕ್ಕೆ ಹೊಂದಿಕೊಂಡಿರುತ್ತದೆ. ಎದೆಗೂ ಸ್ಟೀರಿಂಗಿಗೂ ನಡುವೆ ಸುಮಾರು 25 ಸೆಂಟಿಮೀಟರ್ ಇರಲಿ. ಬ್ರೇಕನ್ನು ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಪಕ್ಕದ ಕನ್ನಡಿಗಳಲ್ಲಿ ನಿಮ್ಮ ಕಾರಿನ ಅಂಚು ಕಂಡೂ ಕಾಣದಂತಿದ್ದರೆ ಪಕ್ಕದ ಲೇನ್ ಹೆಚ್ಚು ಕಾಣುತ್ತದೆ. ಕುತ್ತಿಗೆ ಪೂರ್ತಿ ತಿರುಗಿಸಲಾಗದವರಿಗೆ ಇದು ಬಹಳ ಮುಖ್ಯ.

3. ಟೈರ್ ನೋಡಿ. ಗಾಳಿಯ ಒತ್ತಡವನ್ನು ಟೈರ್ ತಣ್ಣಗಿರುವಾಗ ಪರೀಕ್ಷಿಸಬೇಕು. ಸಾಮಾನು ತುಂಬಿದಾಗ ಎಷ್ಟಿರಬೇಕೆಂಬುದು ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಹಿರಿಯರ ಕಾರು ಓಡುವುದು ಕಡಿಮೆ, ಆದ್ದರಿಂದ ಟೈರಿನ ಗೆರೆಗಳು ಹೊಸದರಂತೆಯೇ ಕಾಣುತ್ತವೆ. ಆದರೆ ರಬ್ಬರಿಗೂ ವಯಸ್ಸಾಗುತ್ತದೆ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ತಿಳಿದವರಿಗೆ ತೋರಿಸದೆ ಘಾಟಿ ಇಳಿಯಬೇಡಿ. ಸ್ಟೆಪ್ನಿಯನ್ನೂ ಮರೆಯಬೇಡಿ.

4. ಸಾಮಾನನ್ನು ರಾತ್ರಿಯೇ ತುಂಬಿ. ಭಾರದ್ದು ಡಿಕ್ಕಿಯ ತಳಕ್ಕೆ, ಹಿಂಬದಿ ಸೀಟಿಗೆ ಒತ್ತಿಕೊಂಡಂತೆ ಇರಲಿ. ಹಿಂದಿನ ಗಾಜಿನ ಬುಡದಲ್ಲಿ ಏನನ್ನೂ ಇಡಬೇಡಿ. ಮುಂದೆ ಚಾಲಕರ ಕಾಲಬುಡದಲ್ಲಂತೂ ನೀರಿನ ಬಾಟಲಿ, ಬಿಚ್ಚಿಟ್ಟ ಚಪ್ಪಲಿ ಇರಲೇಬಾರದು. ಇಳಿಜಾರಿನಲ್ಲಿ ಉರುಳಿದ ಬಾಟಲಿ ಬ್ರೇಕಿನ ಅಡಿಗೆ ಹೋಗಿ ಕೂತರೆ ಪೆಡಲ್ ಕೆಳಗಿಳಿಯುವುದೇ ಇಲ್ಲ.

5. ಕಾಗದಪತ್ರ. ಫಾಸ್ಟ್ಯಾಗ್‌ನಲ್ಲಿ ಹಣ, ವಿಮೆ, ಹೊಗೆ ತಪಾಸಣೆಯ ಜೊತೆಗೆ ಚಾಲನಾ ಪರವಾನಗಿಯ ದಿನಾಂಕ ನೋಡಿ. 55 ದಾಟಿದ ಮೇಲೆ ಪಡೆದ ಅಥವಾ ನವೀಕರಿಸಿದ ಪರವಾನಗಿಯ ಅವಧಿ ಐದೇ ವರ್ಷ. ಅದು ಮುಗಿದದ್ದು ಎಷ್ಟೋ ಜನರ ಗಮನಕ್ಕೇ ಬಂದಿರುವುದಿಲ್ಲ.

ದಾರಿಯಲ್ಲಿ: ನಿಲ್ಲುವುದು, ಕುಡಿಯುವುದು, ತಿನ್ನುವುದು

ಒಂದೂವರೆಯಿಂದ ಎರಡು ಗಂಟೆಗೊಮ್ಮೆ ನಿಲ್ಲಿ, ದಣಿವಾಗಲಿ ಬಿಡಲಿ. ದಣಿವಾದಾಗ ನಿಲ್ಲೋಣ ಎಂದರೆ ಅಷ್ಟರಲ್ಲಿ ಎಚ್ಚರ ತಗ್ಗಿಯಾಗಿರುತ್ತದೆ, ತಗ್ಗಿದ್ದು ಗೊತ್ತಾಗುವುದೂ ಇಲ್ಲ. ಈ ದಾರಿಯಲ್ಲಿ ಎಡೆಯೂರು ಅಥವಾ ಬೆಳ್ಳೂರು ಕ್ರಾಸ್, ಆಮೇಲೆ ಹಾಸನ, ಆಮೇಲೆ ಸಕಲೇಶಪುರ, ಘಾಟಿ ಇಳಿದ ಮೇಲೆ ಗುಂಡ್ಯ ಅಥವಾ ನೆಲ್ಯಾಡಿ. ಹೀಗೆ ನಾಲ್ಕು ನಿಲುಗಡೆ ಮೊದಲೇ ಗೊತ್ತುಮಾಡಿಕೊಳ್ಳಿ.

ಇಳಿಯುವುದಕ್ಕೂ ಒಂದು ಕ್ರಮವಿದೆ. ಬಾಗಿಲು ತೆರೆದು ಎರಡೂ ಕಾಲು ಹೊರಗಿಟ್ಟು ಸೀಟಿನ ಅಂಚಿನಲ್ಲಿ ಅರ್ಧ ನಿಮಿಷ ಕೂರಿ. ಪಾದವನ್ನು ಹತ್ತು ಹನ್ನೆರಡು ಸಲ ಮೇಲೆ ಕೆಳಗೆ ಆಡಿಸಿ. ಆಮೇಲೆ ಕಾರಿನ ಚೌಕಟ್ಟು ಹಿಡಿದು ಎದ್ದು ನಿಂತು, ತಲೆ ತಿರುಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ನಡೆಯಿರಿ. ಬಹಳ ಹೊತ್ತು ಕೂತು ಒಮ್ಮೆಲೇ ಎದ್ದರೆ ರಕ್ತದೊತ್ತಡ ಸರ್ರನೆ ಇಳಿಯುತ್ತದೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಹೆದ್ದಾರಿ ಬದಿಯ ಹೋಟೆಲಿನ ಮೆಟ್ಟಿಲ ಬಳಿ ಬೀಳುವವರಲ್ಲಿ ಅನೇಕರು ಬೀಳುವುದು ಹೀಗೆಯೇ. ಮೀನಖಂಡ ಅಲುಗಾಡಿದರೆ ಕಾಲಿನಲ್ಲಿ ರಕ್ತ ನಿಂತು ಹೆಪ್ಪುಗಟ್ಟುವ ಅಪಾಯವೂ ಕಡಿಮೆ.

ನೀರು ಕುಡಿದರೆ ಶೌಚಾಲಯ ಹುಡುಕಬೇಕಲ್ಲ ಎಂದು ಅನೇಕ ಹೆಂಗಸರು ದಾರಿಯುದ್ದಕ್ಕೂ ಗುಟುಕು ನೀರೂ ಮುಟ್ಟುವುದಿಲ್ಲ. ಅವರನ್ನು ತಪ್ಪೆನ್ನಲಾಗದು, ನಮ್ಮ ಹೆದ್ದಾರಿಗಳ ಶೌಚಾಲಯಗಳ ಸ್ಥಿತಿ ಹಾಗಿದೆ. ಆದರೆ ನೀರಿಲ್ಲದಿದ್ದರೆ ತಲೆನೋವು, ಸುಸ್ತು, ಕಾಲು ಸೆಳೆತ ಖಂಡಿತ. ಆದ್ದರಿಂದ ಹೋಗುವಾಗಲೇ ಸ್ವಚ್ಛವಾದ ಹೋಟೆಲು, ಪೆಟ್ರೋಲ್ ಬಂಕು ಎಲ್ಲೆಲ್ಲಿವೆ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಿಲುಗಡೆಗೆ ಅರ್ಧ ಗಂಟೆ ಮೊದಲು ನೀರು ಕುಡಿಯುವ ರೂಢಿ ಮಾಡಿಕೊಂಡರೆ ನಡುದಾರಿಯ ಪರದಾಟ ತಪ್ಪುತ್ತದೆ.

ಊಟ ತಿಂಡಿ ಮನೆಯಲ್ಲಿ ಮಾಡುವ ಹೊತ್ತಿಗೇ ಆಗಬೇಕು, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ತಿಂಡಿ ತಡವಾದರೆ ಸಕ್ಕರೆ ಅಂಶ ಕುಸಿಯುತ್ತದೆ: ಬೆವರು, ನಡುಕ, ಕಣ್ಣು ಮಂಜು, ಕಾರಣವಿಲ್ಲದ ಸಿಡುಕು. ಆಗ ತಕ್ಷಣ ಕಾರು ಬದಿಗೆ ನಿಲ್ಲಿಸಿ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ತೆಗೆದುಕೊಂಡು ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಸಕ್ಕರೆ ಸರಿಹೋದ ಮೇಲೂ ಮೆದುಳು ಪೂರ್ತಿ ಚೇತರಿಸಲು ಮುಕ್ಕಾಲು ಗಂಟೆ ಬೇಕು. ಅಲ್ಲಿಯವರೆಗೆ ಸ್ಟೀರಿಂಗ್ ಮುಟ್ಟಬಾರದು. ಮಾತ್ರೆ ಡಬ್ಬಿ, ಗ್ಲೂಕೋಸ್, ಬಿಸ್ಕತ್ತು ಕೈಗೆಟಕುವ ಚೀಲದಲ್ಲಿರಲಿ, ಡಿಕ್ಕಿಯಲ್ಲಲ್ಲ.

ನಿದ್ದೆ ತರುವ ಮಾತ್ರೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. ನಗರದ ಧೂಳಿಗೆ ನೆಗಡಿಯಾಗಿ ಸಿಟ್ರಿಜಿನ್ ನುಂಗಿರುತ್ತೀರಿ. ಘಾಟಿಯಲ್ಲಿ ವಾಂತಿಯಾಗದಿರಲೆಂದು ಅವೊಮಿನ್ ತೆಗೆದುಕೊಳ್ಳುವವರೂ ಇದ್ದಾರೆ. ಎರಡೂ ತೂಕಡಿಕೆ ತರುತ್ತವೆ, ಎರಡನೆಯದು ಇನ್ನೂ ಹೆಚ್ಚು. ಓಡಿಸುವವರಿಗೆ ಇವು ಸಲ್ಲವು. ದಿನನಿತ್ಯದ ಔಷಧಿಗಳಲ್ಲಿ ಯಾವುದು ಮಂಪರು ತರುತ್ತದೆ ಎಂದು ನಿಮ್ಮ ವೈದ್ಯರನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ನೀವಾಗಿಯೇ ನಿಲ್ಲಿಸಬೇಡಿ.

ಪಕ್ಕದ ಸೀಟಿನವರ ಕೆಲಸ

ಇಬ್ಬರೇ ಹೋಗುವ ಪ್ರಯಾಣದಲ್ಲಿ ಪಕ್ಕದಲ್ಲಿ ಕೂತವರಿಗೂ ಓಡಿಸುವವರಷ್ಟೇ ಹೊಣೆಯಿದೆ. ಫೋನ್ ಅವರ ಕೈಯಲ್ಲಿರಬೇಕು. ‘ಎಲ್ಲಿ ತಲುಪಿದಿರಿ’ ಎಂದು ಮಕ್ಕಳು ಅರ್ಧ ಗಂಟೆಗೊಮ್ಮೆ ಕೇಳುವ ಬದಲು ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಹಾಕಿಬಿಡಿ, ಎಂಟು ಗಂಟೆಗಳ ಕಾಲ ಕಾಣುತ್ತಿರುತ್ತದೆ. ಘಾಟಿಯಲ್ಲಿ ನೆಟ್‌ವರ್ಕ್ ತಪ್ಪುತ್ತದೆ, ಅಷ್ಟು ಹೊತ್ತು ಚುಕ್ಕೆ ಅಲುಗದಿದ್ದರೆ ಗಾಬರಿ ಬೇಡ ಎಂದೂ ಮೊದಲೇ ಹೇಳಿಡಿ.

ಅದಕ್ಕಿಂತ ದೊಡ್ಡ ಕೆಲಸ ಓಡಿಸುವವರನ್ನು ಗಮನಿಸುವುದು. ಮಾತಿಗೆ ಉತ್ತರ ಬರೀ ‘ಹೂಂ’ಗೆ ಇಳಿಯುವುದು, ಅದೂ ಒಂದು ಕ್ಷಣ ತಡವಾಗಿ. ಪದೇ ಪದೇ ಕತ್ತು ಉಜ್ಜಿಕೊಳ್ಳುವುದು, ಸೀಟಿನಲ್ಲಿ ಸರಿದು ಕೂರುವುದು. ಕಾರಣವಿಲ್ಲದೆ ವೇಗ ಇಳಿಯುವುದು, ಏರುವುದು. ಎಡಗಡೆಯ ಚಕ್ರ ಬಿಳಿ ಗೆರೆ ಮುಟ್ಟಿ ‘ಟರ್ರ್’ ಎಂದ ಮೇಲೆ ಸ್ಟೀರಿಂಗ್ ಸೆಳೆದು ಸರಿಪಡಿಸುವುದು. ಇವುಗಳಲ್ಲಿ ಎರಡು ಕಂಡರೆ ಸಾಕು, ‘ನಿದ್ದೆ ಬರುತ್ತಿದೆಯಾ’ ಎಂದು ಕೇಳಬೇಡಿ. ‘ಇಲ್ಲ’ ಎಂಬ ಉತ್ತರವೇ ಬರುವುದು. ‘ನನಗೆ ಇಳಿಯಬೇಕು, ಮುಂದಿನ ಬಂಕಿನಲ್ಲಿ ನಿಲ್ಲಿಸಿ’ ಎನ್ನಿ. ನಿಂತ ಮೇಲೆ ಒಂದು ಲೋಟ ಕಾಫಿ ಕುಡಿದು ಕೂಡಲೇ ಸೀಟು ಹಿಂದಕ್ಕೆ ಬಾಗಿಸಿ ಹದಿನೈದು ಇಪ್ಪತ್ತು ನಿಮಿಷ ಮಲಗಲಿ. ಕಾಫಿಯ ಗುಣ ಹತ್ತಲು ಅಷ್ಟೇ ಹೊತ್ತು ಬೇಕು, ಏಳುವಾಗ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಅರ್ಧ ಗಂಟೆ ಮೀರಿ ಮಲಗಿದರೆ ಎದ್ದಾಗ ಜಡತ್ವ ಹೆಚ್ಚು.

ಘಾಟಿ ಇಳಿಯುವಾಗ

ಸಕಲೇಶಪುರದಲ್ಲಿ ಹತ್ತು ನಿಮಿಷವಾದರೂ ಇಳಿದು ಓಡಾಡಿ. ಅಲ್ಲಿಂದ ಮುಂದೆ ಬೇರೆಯೇ ರೀತಿಯ ಚಾಲನೆ.

ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇದ್ದರೆ ಪ್ಯಾಡ್‌ಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ವೇಗವನ್ನು ಎಂಜಿನ್ ಹಿಡಿಯಬೇಕು, ಬ್ರೇಕ್ ನೆರವಿಗೆ ಮಾತ್ರ. ಯಾವ ಗಿಯರಿನಲ್ಲಿ ಆ ಏರು ಹತ್ತಿದ್ದಿರೋ ಅದೇ ಗಿಯರಿನಲ್ಲಿ ಇಳಿಯಿರಿ, ಸಾಮಾನ್ಯವಾಗಿ ಎರಡು ಅಥವಾ ಮೂರು. ಆಟೊಮ್ಯಾಟಿಕ್ ಕಾರಿನಲ್ಲಿ ‘ಡಿ’ ಬಿಟ್ಟು ‘ಎಲ್’ ಅಥವಾ ಮ್ಯಾನುಯಲ್ ಕ್ರಮಕ್ಕೆ ಬನ್ನಿ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಬಿಡುವುದು ಅಪಾಯಕಾರಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ತಾನಾಗಿಯೇ ತಣಿಯಲು ಬಿಡಿ, ನೀರು ಸುರಿಯಬೇಡಿ.

ಇಕ್ಕಟ್ಟಿನಲ್ಲಿ ಏರಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು, ನಿಯಮವೂ ಅದೇ. ಹಿಂದಿನ ಕಾರು ಹಾರ್ನ್ ಹೊಡೆದರೆ ಅವಸರಪಡಬೇಡಿ. ಎಡಕ್ಕೆ ಸರಿದು ಅದನ್ನು ಮುಂದೆ ಬಿಡಿ. ಮಂಜು ಮುಸುಕಿದ್ದರೆ ಹೆಡ್‌ಲೈಟ್ ಕೆಳಗೆ ಇಳಿಸಿರಬೇಕು. ಮೇಲಕ್ಕೆತ್ತಿದರೆ ಮಂಜಿಗೆ ತಾಗಿ ಬೆಳಕು ನಿಮ್ಮ ಕಣ್ಣಿಗೇ ತಿರುಗಿ ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಡುವ ಮುನ್ನ ಘಾಟಿ ತೆರೆದಿದೆಯೇ ಎಂದು ಹಾಸನ, ದಕ್ಷಿಣ ಕನ್ನಡ ಜಿಲ್ಲಾಡಳಿತಗಳ ಪ್ರಕಟಣೆ ನೋಡಿ. ಮುಚ್ಚಿದ್ದರೆ ಚಾರ್ಮಾಡಿಯೋ ಮಡಿಕೇರಿ–ಸಂಪಾಜೆಯೋ ಸಿಕ್ಕೀತು, ಆದರೆ ಆ ಘಾಟಿಗಳಲ್ಲೂ ಗುಡ್ಡ ಜರಿಯುವುದುಂಟು. ಹತ್ತಿರದ ದಾರಿ ಎಂದು ಮ್ಯಾಪ್ ಬಿಸಿಲೆಯ ಕಡೆ ತಿರುಗಿಸಿದರೆ ಒಪ್ಪಬೇಡಿ. ಸುಂದರವಾದ ದಾರಿ ಅದು, ಆದರೆ ಕಾಡಿನ ನಡುವಿನ ಕಿರಿದಾದ ರಸ್ತೆ. ಮಳೆಗಾಲದಲ್ಲಿ ದಣಿದ ಇಬ್ಬರಿಗೆ ತಕ್ಕುದಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕಿಟಕಿ ತೆರೆದು, ಹಾಡು ಜೋರು ಮಾಡಿ ನಿದ್ದೆ ಓಡಿಸಲು ನೋಡುವುದು. ಕೆಲವು ನಿಮಿಷ ಎಚ್ಚರ ಬಂದಂತೆ ಅನಿಸುತ್ತದೆ, ಅಷ್ಟೇ. ನಿದ್ದೆಗೆ ನಿದ್ದೆಯೇ ಮದ್ದು.

ತಡವಾಯಿತೆಂದು ವೇಗ ಹೆಚ್ಚಿಸುವುದು. ನಾಲ್ಕು ಪಥದ ರಸ್ತೆಯಲ್ಲಿ 150 ಕಿಲೋಮೀಟರನ್ನು 80ರ ಬದಲು 100ರಲ್ಲಿ ಓಡಿಸಿದರೆ ಉಳಿಯುವುದು 22–23 ನಿಮಿಷ. ಬ್ರೇಕ್ ಹಾಕಿದ ಮೇಲೆ ಕಾರು ನಿಲ್ಲಲು ಬೇಕಾದ ದೂರ ಮಾತ್ರ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ.

‘ಇನ್ನೇನು ಬಂತಲ್ಲ’ ಎಂದು ಕೊನೆಯ ನಿಲುಗಡೆ ಬಿಡುವುದು. ಘಾಟಿ ಮುಗಿಯಿತು ಎಂದ ಕೂಡಲೇ ಬಿಗಿ ಹಿಡಿದ ಮನಸ್ಸು ಸಡಿಲವಾಗುತ್ತದೆ, ಪರಿಚಿತ ರಸ್ತೆ ಬೇರೆ. ಬೈಕು, ದನ, ಶಾಲಾ ಮಕ್ಕಳು ಅಡ್ಡ ಬರುವುದೂ ಉಪ್ಪಿನಂಗಡಿಯಿಂದ ಈಚೆಗೇ. ಗುಂಡ್ಯದಲ್ಲೋ ನೆಲ್ಯಾಡಿಯಲ್ಲೋ ನಿಲ್ಲುವುದನ್ನು ತಪ್ಪಿಸಲೇಬೇಡಿ.

ಹಿಂದೆ ಕೂತವರು ಸೀಟ್ ಬೆಲ್ಟ್ ಹಾಕದಿರುವುದು. ಸೊಂಟಕ್ಕೆ ಹಾಯೆಂದು ಹಿಂದೆ ಮಲಗಿ ಪ್ರಯಾಣಿಸುವವರೂ ಇದ್ದಾರೆ. ಬೆಲ್ಟ್ ಇಲ್ಲದ ಹಿಂಬದಿಯವರು ಅಪಘಾತದಲ್ಲಿ ಮುಂದಿನವರ ಮೇಲೇ ಬಂದು ಬೀಳುತ್ತಾರೆ.

ಓಡಿಸಲೇಬಾರದ ಸಂದರ್ಭ

ಹಿಂದಿನ ರಾತ್ರಿ ಐದು ಗಂಟೆಯಷ್ಟೂ ನಿದ್ದೆಯಾಗದಿದ್ದರೆ, ಜ್ವರವಿದ್ದರೆ, ಕಣ್ಣಿನ ಶಸ್ತ್ರಚಿಕಿತ್ಸೆಯ ಬಳಿಕ ವೈದ್ಯರು ಇನ್ನೂ ಒಪ್ಪಿಗೆ ಕೊಟ್ಟಿಲ್ಲದಿದ್ದರೆ, ಹೊರಡುವ ಮುನ್ನ ಮನೆಯಲ್ಲಿ ಮಾತಿಗೆ ಮಾತು ಬೆಳೆದು ಮನಸ್ಸು ಕದಡಿದ್ದರೆ ಅಂದು ಓಡಿಸುವುದು ಬೇಡ. ಒಂದು ದಿನದ ಮಟ್ಟಿಗೆ ಡ್ರೈವರ್ ಸಿಗುತ್ತಾರೆ. ಮಗನೇ ಊರ ತನಕ ಬಿಟ್ಟು ರಾತ್ರಿಯ ರೈಲಿನಲ್ಲೋ ಬಸ್ಸಿನಲ್ಲೋ ಮರಳಬಹುದು. ಇದನ್ನು ಮಕ್ಕಳೇ ಮುಂದಾಗಿ ಹೇಳಬೇಕು. ಹಿರಿಯರು ಬಾಯಿಬಿಟ್ಟು ಕೇಳುವುದು ಕಡಿಮೆ.

ದಾರಿಯಲ್ಲಿ ಎದೆ ಹಿಂಡಿದಂತಾದರೆ, ಒಂದು ಕೈಯೋ ಕಾಲೋ ಸ್ವಾಧೀನ ತಪ್ಪಿದರೆ, ಮಾತು ತೊದಲಿದರೆ ‘ಆಸ್ಪತ್ರೆ ತನಕ ನಾನೇ ಓಡಿಸುತ್ತೇನೆ’ ಎನ್ನಬೇಡಿ. ಎಡಕ್ಕೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, 108 ಅಥವಾ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರು ಕೆಟ್ಟರೂ ಅಪಘಾತವಾದರೂ 1033 ಸಹಾಯವಾಣಿ ಇದೆ. ಎಲ್ಲಿದ್ದೀರಿ ಎಂದು ಹೇಳಲು ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ ನೋಡಿಕೊಳ್ಳಿ. ಕಾರಿನಿಂದ ಇಳಿದರೆ ರಸ್ತೆಯ ಬೇಲಿಯಾಚೆ ನಿಲ್ಲಿ, ಕಾರಿನ ಹಿಂದೆ ನಿಲ್ಲಬೇಡಿ.

ಮನೆ ಮುಟ್ಟಿದ ಮೇಲೆ

ಸಾಮಾನು ಇಳಿಸುವುದನ್ನು ಮರುದಿನಕ್ಕೆ ಬಿಡಿ. ಬಾಗಿದ್ದ ಬೆನ್ನಿನಲ್ಲಿ ಅಕ್ಕಿ ಚೀಲ ಎತ್ತಿ ಸೊಂಟ ಹಿಡಿಸಿಕೊಳ್ಳುವುದು ಈ ಹೊತ್ತಿನಲ್ಲೇ. ಅಂದು ಕೈಚೀಲ, ಔಷಧಿ, ಹಾಳಾಗುವ ತಿಂಡಿ ಇಷ್ಟನ್ನೇ ಒಳಗೆ ತನ್ನಿ. ಮಕ್ಕಳಿಗೆ ತಲುಪಿದ ಸುದ್ದಿ ತಿಳಿಸಿ, ಬಿಸಿನೀರಿನ ಸ್ನಾನ ಮಾಡಿ, ಹಗುರಾಗಿ ಉಂಡು ಮಲಗಿ. ಮುಂದಿನ ಕೆಲವು ದಿನ ಕಾಲುಗಳನ್ನು ಗಮನಿಸುತ್ತಿರಿ. ಎರಡೂ ಪಾದ ಸ್ವಲ್ಪ ಊದಿದ್ದು ರಾತ್ರಿ ಕಳೆಯುವುದರೊಳಗೆ ಇಳಿದರೆ ಚಿಂತೆಯಿಲ್ಲ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ, ಇಂಥ ದಿನ ಇಷ್ಟು ಗಂಟೆ ಕಾರಿನಲ್ಲಿ ಕೂತಿದ್ದೆವು ಎಂಬುದನ್ನೂ ಅವರಿಗೆ ಹೇಳಿ. ಉಸಿರು ಕಟ್ಟಿದಂತಾದರೆ ಕಾಯದೆ 108ಕ್ಕೆ ಕರೆ ಮಾಡಿ.